ಬಿಟ್ಟು ಬಂದ ಗುಡ್ಡವನ್ನು ಮತ್ತೆ ಹತ್ತಿದ್ದು

ಗಡಿಯ ಗುಡ್ಡದ ಮೇಲೆ ನಮ್ಮ ಸೈನಿಕರು ಕಾವಲು ಕೂರುತ್ತಿದ್ದ ಮೇಲಿನ ಪೋಸ್ಟಿನ ದಾರಿಯನ್ನು ದಿನಾ ಬೆಳಿಗ್ಗೆ ತೆರೆಯಬೇಕಿತ್ತು. ದಾರಿ ತೆರೆಯುವುದು ಅಂದರೆ, ಕತ್ತಲಲ್ಲಿ ಯಾರಾದರೂ ಬಂದು ತುಳಿದರೆ ಸಿಡಿಯುವ ಮೈನು ಹೂತು ಹೋಗಿದ್ದಾರೆಯೇ, ಇಲ್ಲವೇ ಇಳಿಜಾರಿನಲ್ಲಿ ನಮ್ಮವರೇ ಹಿಂದೆ ಹೂತಿದ್ದ ಮೈನು ಮಣ್ಣಿನ ಜೊತೆ ಜಾರಿ ದಾರಿಗೆ ಬಂದು ಕೂತಿದೆಯೇ ಎಂದು ನೋಡಿಕೊಂಡು ಹತ್ತುವುದು. ಮುಂದೆ ನಡೆಯುವವನ ಕೈಯಲ್ಲಿ ಲೋಹ ಹುಡುಕುವ ಯಂತ್ರ ಇರುತ್ತದೆ. ಅದು ಸದ್ದು ಮಾಡಿದರೆ ಅವನು ನಿಲ್ಲುತ್ತಾನೆ, ಹಿಂದಿನವನು ಮಂಡಿಯೂರಿ ತೆಳ್ಳನೆಯ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಿ ನೋಡುತ್ತಾನೆ. ಉಳಿದವರು ದೂರ ದೂರ ನಿಂತು ಎದುರು ಬೆಟ್ಟದ ಕಡೆಗೆ ಬಂದೂಕು ಹಿಡಿದಿರುತ್ತಾರೆ. ಮುಂದಿನವನ ಹೆಜ್ಜೆಗುರುತಿನ ಮೇಲೆಯೇ ಹಿಂದಿನವನು ಕಾಲಿಡಬೇಕು. ಮೇಲೆ ತಲುಪಿದ ಮೇಲೆ ತಂತಿ ಎಳೆದ ಟೆಲಿಫೋನಿನಲ್ಲಿ ಕೆಳಗೆ ವರದಿ ಕೊಡುತ್ತಿದ್ದೆವು. ಆಮೇಲೆ ಹೇಸರಗತ್ತೆಗಳ ಮೇಲೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಹತ್ತಿ ಬರುತ್ತಿದ್ದವು.

ಆ ತುಕಡಿಗೆ ನಾನು ಹವಾಲ್ದಾರ. ಊರು ಮಂಡ್ಯ ತಾಲ್ಲೂಕಿನ ಕೊತ್ತತ್ತಿ. ನನ್ನ ಜೊತೆ ಒಬ್ಬ ನಾಯಕ್ ಇದ್ದ, ಮಳವಳ್ಳಿ ಕಡೆಯವನು. ಹುದ್ದೆಯಲ್ಲಿ ನಾನು ಒಂದು ಮೆಟ್ಟಿಲು ಮೇಲೆ. ಬೇರೆಯವರ ಮುಂದೆ ಅವನು ಹಿಂದಿಯಲ್ಲಿ ಗೌರವ ಕೊಟ್ಟು ಮಾತಾಡುತ್ತಿದ್ದ. ಇಬ್ಬರೇ ಸಿಕ್ಕಾಗ ಅವೆಲ್ಲ ಇರುತ್ತಿರಲಿಲ್ಲ.

"ನಾಲೆ ನೀರು ಕುಡುದೋರ್ಗೆ ಬೆಟ್ಟ ಹತ್ತಕ್ಕಾಗಕಿಲ್ಲ ಕಣ್ಲಾ," ಅನ್ನುತ್ತಿದ್ದ. "ನಿಮ್ಮೂರೆಲ್ಲ ಸಪಾಟು. ನಮ್ದು ನೋಡು, ಕಲ್ಲುಗುಡ್ಡ. ಅದ್ಕೇ ನನ್ನ ಉಸ್ರು ಕಟ್ಟಕಿಲ್ಲ."

"ಕಲ್ಲುಗುಡ್ಡ ಅತ್ಲಾಗಿರ್ಲಿ, ಟೀ ಕಾಯ್ಸು," ಎಂದು ನಾನು ಅನ್ನುತ್ತಿದ್ದೆ.

ಯಾರೂ ಯುದ್ಧವೆಂದು ಘೋಷಿಸಿರಲಿಲ್ಲ. ಆದರೆ ಎದುರಿನಿಂದ ಗುಂಡು ಬರುತ್ತಿತ್ತು, ಮಾರ್ಟರ್ ಬೀಳುತ್ತಿತ್ತು, ನಾವೂ ಹಾರಿಸುತ್ತಿದ್ದೆವು. ಅಲ್ಲಿ ಇದ್ದವರಿಗೆ ಅದು ಯುದ್ಧವೇ. ಆ ಇಡೀ ಗಡಿಭಾಗದ ಹೊಣೆ ಹೊತ್ತ ದೊಡ್ಡ ಅಧಿಕಾರಿಯನ್ನು ನಾವು ಕಮಾಂಡರ್ ಸಾಹೇಬರು ಎನ್ನುತ್ತಿದ್ದೆವು. ನಾವು ಹೋದಾಗ ಇದ್ದ ಕಮಾಂಡರ್ ಸಾಹೇಬರ ನಂಬಿಕೆ ಒಂದೇ: ಎತ್ತರ ನಮ್ಮ ಕೈಯಲ್ಲಿರಬೇಕು. ಒಮ್ಮೆ ನಮ್ಮನ್ನೆಲ್ಲ ಸೇರಿಸಿ ಹಿಂದಿಯಲ್ಲಿ ಹೇಳಿದರು: "ಇವತ್ತು ಒಂದು ಗುಡ್ಡ ಬಿಟ್ಟರೆ ನಾಳೆ ಅವರು ಅದರ ಮೇಲೆ ನಿಂತು ಮುಂದಿನ ಗುಡ್ಡ ಕೇಳುತ್ತಾರೆ. ಒಂದು ಅಂಗುಲವೂ ಬಿಡುವಂತಿಲ್ಲ." ಅವರು ಕೆಟ್ಟವರೇನೂ ಅಲ್ಲ. ಚಳಿಗಾಲದಲ್ಲಿ ಮೇಲಿನ ಪೋಸ್ಟಿಗೆ ಒಳ್ಳೆಯ ಬೂಟು ಮೊದಲು ಕಳಿಸಿದವರು ಅವರೇ. ಅವರ ಆಜ್ಞೆಯಂತೆ ಮೇಲಿನ ಪೋಸ್ಟಿನಲ್ಲಿ ವರ್ಷವಿಡೀ ಜನ ಇರುತ್ತಿದ್ದರು. ಮಂಜು ಬೀಳಲಿ, ಕರಗಲಿ, ದಾರಿ ತೆರೆಯುವುದು ತಪ್ಪುತ್ತಿರಲಿಲ್ಲ.

ಕರಗುವ ಕಾಲವೇ ಕೆಟ್ಟದ್ದು. ಮಂಜಿನ ಕೆಳಗಿನ ಮಣ್ಣು ಅಂಬಲಿಯಂತಾಗಿ ಇಳಿಯುತ್ತದೆ. ಬೇಲಿ ಹಾಕಿ ಗುರುತು ಮಾಡಿದ್ದ ಮೈನುಗಳು ಬೇಲಿ ದಾಟಿ ಎಲ್ಲೆಲ್ಲೋ ಹೋಗಿ ಕೂರುತ್ತವೆ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ ಅದು. ಒಳಗೆ ಲೋಹ ಚೂರೇ ಚೂರು. ಯಂತ್ರ ಒಮ್ಮೊಮ್ಮೆ ಹಿಡಿಯುತ್ತದೆ, ಒಮ್ಮೊಮ್ಮೆ ಇಲ್ಲ.

ಅಂಥ ಕಾಲದ ಒಂದು ಬೆಳಿಗ್ಗೆ ಮುಂದೆ ನಡೆಯುವ ಸರದಿ ಮಳವಳ್ಳಿಯವನದು. ಸಿಡಿದ ಸದ್ದು ದೊಡ್ಡದಾಗಿರಲಿಲ್ಲ, ಹಂಚಿನ ಮೇಲೆ ತೆಂಗಿನಕಾಯಿ ಬಿದ್ದಷ್ಟು. ಅವನು ಕುಳಿತುಬಿಟ್ಟಿದ್ದ. ನಾನು ಅವನಿಂದ ಒಂದು ಕೂಗಳತೆಯೂ ಇಲ್ಲದಷ್ಟು ಹತ್ತಿರ ಇದ್ದೆ. ಆದರೆ ಓಡುವಂತಿಲ್ಲ. ಒಂದು ಮೈನು ಇದ್ದ ಕಡೆ ಇನ್ನೊಂದು ಇರಬಹುದು. ಸಲಾಕೆ ಚುಚ್ಚುತ್ತಾ, ಗುರುತು ಇಡುತ್ತಾ, ಮಂಡಿಯ ಮೇಲೆ ಅವನ ಕಡೆಗೆ ಹೋಗಬೇಕು. ನಿಯಮ ಅದು, ನಾನೇ ಎಲ್ಲರಿಗೂ ಕಲಿಸಿದ್ದ ನಿಯಮ. ಹಾಗೇ ಹೋದೆ. ಅವನು ನನ್ನನ್ನೇ ನೋಡುತ್ತಿದ್ದ.

"ನಿಧಾನ್ವಾಗ್ ಬಾರ್ಲಾ," ಎಂದ. "ಇನ್ನೊಂದಿದ್ರೂ ಇರ್ಬೋದು."

ಹೋಗಿ ತೊಡೆಗೆ ಪಟ್ಟಿ ಬಿಗಿದೆ. ನೋವಿನ ಸೂಜಿ ಚುಚ್ಚಿದೆ. ಎಡಗಾಲಿನ ಪಾದ ಇರಲಿಲ್ಲ. ಬೂಟಿನ ಒಂದು ಭಾಗ ಪಕ್ಕದ ಕಲ್ಲಿಗೆ ಅಂಟಿತ್ತು. ಅವನನ್ನು ಸ್ಟ್ರೆಚರಿನ ಮೇಲೆ ಕೆಳಗೆ ಹೊತ್ತುಕೊಂಡು ಹೋದರು. ಮೋಡ ಸರಿದ ಮೇಲೆ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಮೇಲಿನವರಿಗೆ ಊಟದ ಸಾಮಾನು ಹೋಗಿರಲಿಲ್ಲ, ದಾರಿ ಅರ್ಧ ತೆರೆದಿತ್ತು. ಯಂತ್ರವನ್ನು ಒರೆಸಿ ನಾನು ಹಿಡಿದುಕೊಂಡೆ. ಉಳಿದ ಅರ್ಧವನ್ನು ಅವತ್ತೇ ತೆರೆದೆವು. ಮೇಲೆ ತಲುಪಿ ಟೆಲಿಫೋನಿನಲ್ಲಿ ದಾರಿ ತೆರೆದಿದೆ ಎಂದೆ. ಆ ದನಿ ನನ್ನದೇ ಎಂದು ನನಗೆ ಗೊತ್ತಾಗುತ್ತಿತ್ತು, ಅಷ್ಟೇ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಮಾಂಡರ್ ಸಾಹೇಬರಿಗೆ ವರ್ಗವಾಯಿತು. ಹೊಸಬರು ಬಂದರು. ಸಣ್ಣ ಆಳು, ಮಾತು ಕಡಿಮೆ. ಬಂದ ಮೊದಲ ವಾರವೇ ಮೇಲಿನ ಪೋಸ್ಟಿಗೆ ಬರುತ್ತೇನೆ ಎಂದರು. ನಮ್ಮ ಸಾಲಿನಲ್ಲೇ, ನಮ್ಮ ಹೆಜ್ಜೆಗುರುತಿನ ಮೇಲೆಯೇ ಹತ್ತಿದರು. ಮೇಲೆ ಬಂದ ಮೇಲೆ ದುರ್ಬೀನು ತೆಗೆಯಲಿಲ್ಲ, ಒಬ್ಬೊಬ್ಬರನ್ನೇ ಕರೆದು ಕೇಳಿದರು.

"ಇಲ್ಲಿಂದ ನಿನಗೆ ಏನು ಕಾಣುತ್ತದೆ?"

ನಾನು ಹೇಳಿದೆ: ಹಳ್ಳ, ಅವರ ಎರಡು ಬಂಕರು, ಅವರ ಹೇಸರಗತ್ತೆ ದಾರಿ.

"ಕೆಳಗಿನ ದಿಣ್ಣೆಯಿಂದ?"

"ಅದೇ ಸಾಬ್. ಒಂದು ಬಂಕರು ಕಾಣುವುದಿಲ್ಲ."

"ಈ ಪೋಸ್ಟಿಗೆ ಸೇರಿದವರಲ್ಲಿ ಎಷ್ಟು ಜನ ಆ ಕಡೆ ನೋಡುತ್ತೀರಿ, ಎಷ್ಟು ಜನ ಈ ದಾರಿಯನ್ನು ನೋಡಿಕೊಳ್ಳುತ್ತೀರಿ?"

ಮನಸ್ಸಿನಲ್ಲೇ ಎಣಿಸಿದೆ. ದಾರಿ ತೆರೆಯುವವರು, ದಾರಿ ಕಾಯುವವರು, ಸಾಮಾನು ಹೊರುವವರು, ಗಾಯಾಳುಗಳಿಗೆಂದು ಕೆಳಗೆ ಸಿದ್ಧವಾಗಿ ಕೂತವರು. ಹೆಚ್ಚಿನವರು ದಾರಿಗೇ ಸಾಬ್, ಎಂದೆ. ಅವರು ತಲೆ ಆಡಿಸಿ ಟೀ ಕುಡಿದರು. ಇಳಿಯುವಾಗ ಒಂದು ತಿರುವಿನಲ್ಲಿ ನಿಂತು, "ನಾಯಕ್‌ಗೆ ಏಟಾದದ್ದು ಇಲ್ಲಿಯೋ?" ಎಂದು ಕೇಳಿದರು. ಇನ್ನೂ ಸ್ವಲ್ಪ ಮೇಲೆ, ಎಂದೆ.

ಚಳಿಗೆ ಮುಂಚೆ ಆಜ್ಞೆ ಬಂತು. ಮೇಲಿನ ಪೋಸ್ಟು ಖಾಲಿ ಮಾಡಿ ಕೆಳಗಿನ ದಿಣ್ಣೆಯಲ್ಲಿ ಕ್ಯಾಮೆರಾ ಇಟ್ಟು ಸ್ವಲ್ಪವೇ ಜನ ಇರಬೇಕು. ಉಳಿದವರು ಒಂದೇ ಜಾಗದಲ್ಲಿ ಕೂರದೆ ಇವತ್ತು ಒಂದು ಹಳ್ಳ, ನಾಳೆ ಇನ್ನೊಂದು ಕಣಿವೆ ಎಂದು ಹೋಗಿ ಹೊಂಚು ಹಾಕಬೇಕು. ಯಾವ ದಿನ ಎಲ್ಲಿಗೆ ಎಂಬುದು ಹೊರಡುವ ತನಕ ನಮಗೂ ತಿಳಿಯುತ್ತಿರಲಿಲ್ಲ. ಕೂತವನ ಲೆಕ್ಕ ಎದುರಿನವನಿಗೆ ಸಿಗುತ್ತದೆ, ಓಡಾಡುವವನ ಲೆಕ್ಕ ಸಿಗುವುದಿಲ್ಲ ಎಂದು ಅವರು ವಿವರಿಸಿದರು. ಹಿಂದಿನವರು ಹೇಳಿದ್ದೂ ಕೇಳುವಾಗ ಸರಿಯಾಗಿಯೇ ಇತ್ತು. ಇದೂ ಸರಿಯಾಗಿತ್ತು.

ಪೋಸ್ಟು ಬಿಚ್ಚುವ ಕೆಲಸ ನನಗೆ ಬಂತು. ಎದುರಿನವರಿಗೆ ಗೊತ್ತಾಗದಂತೆ ಬಿಚ್ಚಬೇಕು. ಮಂಜು ಮುಸುಕಿದ ದಿನಗಳಲ್ಲಷ್ಟೇ ಕೆಲಸ. ಮೊದಲು ಮದ್ದುಗುಂಡು ಇಳಿಸಿದೆವು, ಆಮೇಲೆ ಸೀಮೆಎಣ್ಣೆ ಡಬ್ಬ, ಹಾಸಿಗೆ. ಬಂಕರಿನ ತಗಡುಗಳ ಬೋಲ್ಟು ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ಬಿಟ್ಟು ಬಿಚ್ಚಿದೆವು. ತಗಡು ಒಂದಕ್ಕೊಂದು ತಾಗಿ ಸದ್ದಾಗದಂತೆ ನಡುವೆ ಹಳೆಯ ಕಂಬಳಿ ಇಟ್ಟು ಕಟ್ಟಿದೆವು. ಮರಳು ಚೀಲಗಳನ್ನು ಸುರಿದು ಖಾಲಿ ಚೀಲ ಮಡಚಿಕೊಂಡೆವು. ಕೊನೆಯ ದಿನದವರೆಗೂ ಒಲೆ ಉರಿಸುತ್ತಿದ್ದೆವು. ಹೊಗೆ ಕಾಣುತ್ತಿರಲಿ, ಜನ ಇದ್ದಾರೆ ಅಂದುಕೊಳ್ಳಲಿ ಎಂದು. ಕೊನೆಗೆ ಒಲೆಗೆ ಹಸಿ ಸೌದೆ ತುಂಬಿಸಿ, ಟೆಲಿಫೋನ್ ತಂತಿ ಸುತ್ತಿಕೊಳ್ಳುತ್ತಾ ಇಳಿದೆವು. ಜಾಗ ಬಿಡುವಾಗ ಏನಾದರೂ ಅನಿಸೀತು ಎಂದು ಕಾದೆ. ತಂತಿ ಕಲ್ಲುಗಳಿಗೆ ಸಿಕ್ಕಿಕೊಳ್ಳುತ್ತಿತ್ತು, ಬಿಡಿಸಬೇಕಿತ್ತು. ಬಿಡಿಸಿದೆ.

ಆ ಚಳಿಗಾಲದಲ್ಲಿ ನಮ್ಮ ತುಕಡಿಯಲ್ಲಿ ಒಬ್ಬನಿಗೂ ಏಟಾಗಲಿಲ್ಲ.

ರಜೆ ಸಿಕ್ಕಾಗ ಮದ್ದೂರು ಸ್ಟೇಷನ್ನಿನಲ್ಲಿ ಇಳಿದು, ಊರಿಗೆ ಹೋಗದೆ ಮೊದಲು ಮಳವಳ್ಳಿ ಬಸ್ಸು ಹತ್ತಿದೆ. ಆಸ್ಪತ್ರೆಯಿಂದ ಕೃತಕ ಕಾಲು ಹಾಕಿಸಿಕೊಂಡು ಅವನು ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಫೋನಿನಲ್ಲಿ ಮಾತಾಡಿದ್ದೆವು. ಪೋಸ್ಟಿನ ವಿಷಯ ನಾನು ಎತ್ತಿರಲಿಲ್ಲ. ಫೋನಿನಲ್ಲಿ ಹೇಳುವ ಮಾತೂ ಅಲ್ಲ. ನಡುವೆ ದೊಡ್ಡಿ ಎಂಬ ಊರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿ ಬಸ್ಸು ಬಹಳ ಹೊತ್ತು ನಿಂತಿತು. ಕಂಡಕ್ಟರ್ ಇಳಿದು ಟ್ರ್ಯಾಕ್ಟರಿನವನನ್ನು ಬೈಯುತ್ತಿದ್ದ. ನಾನು ಕಿಟಕಿಯಿಂದ ರಸ್ತೆ ಪಕ್ಕದ ಮಣ್ಣನ್ನೇ ನೋಡುತ್ತಿದ್ದೆ. ಎಲ್ಲಿ ಕೆದಕಿದೆ, ಎಲ್ಲಿ ಬಣ್ಣ ಬೇರೆ ಇದೆ ಎಂದು ಕಣ್ಣು ತಾನಾಗಿ ಹುಡುಕುತ್ತಿತ್ತು.

ಅವನ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿದ್ದವು. ಹಣ್ಣಾದ ಹುಳು ಕಾಯುವುದಿಲ್ಲ, ಗೂಡು ಕಟ್ಟಲು ಆಗಿಂದಾಗಲೇ ಆಯ್ದು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅವನ ಹೆಂಡತಿ ತಟ್ಟೆಯ ಮುಂದೆ ಕೂತು ಆಯುತ್ತಿದ್ದರು.

"ಬನ್ನಿ ಅಣ್ಣ. ಹುಳ ಹಣ್ಣಾಗ್ಬುಟ್ಟವೆ, ಕೈ ಬುಡಂಗಿಲ್ಲ. ತಪ್ಪು ತಿಳ್ಕಬ್ಯಾಡಿ," ಎಂದರು.

ಅವನು ಸ್ಟೂಲಿನ ಮೇಲೆ ಕೂತು ಅವರಿಗೆ ಚಂದ್ರಿಕೆ ಹಿಡಿದುಕೊಟ್ಟಿದ್ದ. ಪ್ಯಾಂಟು ಹಾಕಿದ್ದರಿಂದ ಕಾಲು ಗೊತ್ತಾಗುತ್ತಿರಲಿಲ್ಲ. ದಪ್ಪಗಾಗಿದ್ದ. ಊಟ, ಪ್ರಯಾಣ, ಊರಿನ ಸುದ್ದಿ ಎಲ್ಲ ಆಯಿತು. ಆಮೇಲೆ ಕೇಳಿದ.

"ಪೋಸ್ಟು ಎಂಗದೆ?"

"ಇಲ್ಲ."

"ಇಲ್ಲ ಅಂದ್ರೆ?"

"ಬುಟ್ಬುಟ್ವಿ ಕಣ್ಲಾ. ಹೊಸ ಕಮಾಂಡರ್ ಬಂದ್ರಲ್ಲ. ಅವ್ರು ಬ್ಯಾಡ ಅಂದ್ರು."

ಅವನು ಚಂದ್ರಿಕೆಯನ್ನು ಗೋಡೆಗೆ ಒರಗಿಸಿದ. "ತಗಡು?" ಎಂದ.

"ಇಳಿಸ್ಕಂಡ್ವಿ."

"ತಂತಿ?"

"ಸುತ್ಕಂಡ್ ಬಂದ್ವಿ."

"ಮದ್ದುಗುಂಡು?"

"ಒಂದೂ ಬುಡ್ಲಿಲ್ಲ. ಕಲ್ಗೋಡೆ ಒಂದು ಅಂಗೇ ಅದೆ."

"ನೀಟಾಗ್ ಮಾಡಿದ್ದೀಯ ಬುಡು," ಎಂದ. ನಿಜವಾಗಿಯೇ ಮೆಚ್ಚಿ ಹೇಳಿದ. ಕೆಲಸ ಗೊತ್ತಿದ್ದವನ ಮೆಚ್ಚುಗೆ.

ಹುಳು ಆಯುತ್ತಿದ್ದ ಅವನ ಹೆಂಡತಿ ತಲೆ ಎತ್ತಲಿಲ್ಲ. "ಅಲ್ಲ ಕಣಣ್ಣ," ಎಂದರು, "ಬುಟ್ಟು ಬರೋ ಜಾಗ ಆಗಿದ್ರೆ ಇವ್ರ ಕಾಲು ಯಾಕ್ ಬೇಕಾಗಿತ್ತು?"

"ಆಗಿದ್ದ ಸಾಹೇಬ್ರು ಬೇಕು ಅಂದಿದ್ರು ಕಣಮ್ಮ."

"ಈಗ್ನೋರು?"

"ಬ್ಯಾಡ ಅಂದ್ರು."

"ಬೆಟ್ಟ ಅದೇ ತಾನೆ?"

"ಅದೇಯ."

"ಸಾಹೇಬ್ರು ಬದ್ಲಾದ್ರೆ ಬೆಟ್ಟ ಬದ್ಲಾಯ್ತದಾ?"

"ಸುಮ್ಕಿರಮ್ಮಿ," ಎಂದ ಅವನು. "ಅವ್ನೇನ್ ಮಾಡಾನು."

"ನಾನು ಅವ್ರನ್ನ ಕೇಳ್ತಿಲ್ಲ."

"ಮತ್ಯಾರ್ನ ಕೇಳ್ತಿದ್ದೀಯೆ?"

"ಯಾರ್ನಾರೂ ಕೇಳ್ಬೇಕಲ್ಲ," ಎಂದು ಇನ್ನೊಂದು ಹುಳು ಎತ್ತಿ ಚಂದ್ರಿಕೆಗೆ ಬಿಟ್ಟರು.

ಪೋಸ್ಟು ಬಿಟ್ಟ ಮೇಲೆ ಯಾರಿಗೂ ಏಟಾಗಿಲ್ಲ ಎಂದು ನಾನು ಹೇಳಿದೆ. ಸಮಾಧಾನಕ್ಕೆ ಹೇಳಿದ್ದೋ, ವರದಿ ಕೊಡುವ ಅಭ್ಯಾಸದಿಂದ ಹೇಳಿದ್ದೋ ತಿಳಿಯದು.

"ಯಾರ್ಗೂ?" ಎಂದ ಅವನು.

"ಯಾರ್ಗೂ."

"ಅಂಗಾರೆ ಸರಿಯಾಗೇ ಮಾಡವ್ರೆ," ಎಂದು ಎದ್ದು ಮುಖ ತೊಳೆಯಲು ಹೊರಗೆ ಹೋದ. ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಲೇ ಇತ್ತು. ಅವನ ಹೆಂಡತಿ ಒಮ್ಮೆ ಬಾಗಿಲ ಕಡೆ ನೋಡಿ ಮತ್ತೆ ತಟ್ಟೆಗೆ ಬಗ್ಗಿದರು.

ಬಸ್ ಸ್ಟ್ಯಾಂಡಿನ ತನಕ ನಡೆದೇ ಬಂದ. ನಡಿಗೆಯಲ್ಲಿ ಸಣ್ಣ ಎಳೆತ, ಅಷ್ಟೇ. ಮಂಡ್ಯ ಬಸ್ಸು ಬಂದು ನಿಂತಾಗ, "ಆ ಸಾಹೇಬ್ರು ಒಸಿ ಮುಂಚೆ ಬಂದಿದ್ರೆ..." ಎಂದು ಶುರು ಮಾಡಿದವನು, "ಹತ್ತು ಹತ್ತು, ಸೀಟು ಸಿಕ್ಕಕಿಲ್ಲ," ಎಂದು ನನ್ನ ಬ್ಯಾಗನ್ನು ಒಳಕ್ಕೆ ತಳ್ಳಿದ.

ಮುಂದಿನ ಮಳೆಗಾಲಕ್ಕೆ ಆ ಕಮಾಂಡರ್ ಸಾಹೇಬರೂ ಹೋದರು. ಆರೋಗ್ಯ ಕೆಟ್ಟಿತ್ತು ಎಂದರು, ಬಡ್ತಿ ಎಂದೂ ಕೆಲವರು ಹೇಳಿದರು. ಮೂರನೆಯವರು ಬಂದರು. ಅವರು ನಕ್ಷೆ ಹರಡಿ, ಮೇಲಿನ ಗುಡ್ಡದ ಮೇಲೆ ಬೆರಳಿಟ್ಟು, "ಇದು ಯಾಕೆ ಖಾಲಿ?" ಎಂದು ಕೇಳಿದರಂತೆ. ಆ ಹೊತ್ತಿಗೆ ನಮ್ಮ ಗಸ್ತಿನವರು ಆ ಗುಡ್ಡದ ಹಿಂಬದಿಯಲ್ಲಿ ಬೇರೆ ಬೂಟಿನ ಗುರುತು ನೋಡಿದ್ದರು. ಖಾಲಿ ಎತ್ತರ ಎಂದರೆ ಎದುರಿನವರಿಗೆ ನಾವೇ ಎಲೆ ಹಾಕಿ ಕರೆದಂತೆ ಎಂಬುದು ಈ ಮೂರನೆಯವರ ಮಾತು. ಅದೂ ತಪ್ಪು ಎನ್ನುವಂತಿರಲಿಲ್ಲ. ದಾರಿ ಗೊತ್ತಿದ್ದವರು ಯಾರು ಎಂದು ವಿಚಾರಿಸಿ ನನ್ನನ್ನು ಕರೆಸಿದರು.

"ಬೇರೆ ದಾರಿ ಇದೆಯೇ?" ಎಂದರು.

"ಹಿಂದಿನ ಕೊರಕಲಿನಲ್ಲಿದೆ ಸಾಬ್. ಚಳಿಗಾಲದಲ್ಲಿ ಅಲ್ಲಿ ಮಂಜು ಕುಸಿಯುತ್ತದೆ."

"ಹಾಗಾದರೆ ಹಳೆಯದೇ."

"ಹಳೆಯದರಲ್ಲಿ ಕರಗುವಾಗ ಮೈನು ಇಳಿಯುತ್ತವೆ ಸಾಬ್."

ಅವರು ನನ್ನ ಮುಖ ನೋಡಿದರು. ಕೇಳಿಸಿಕೊಂಡರು. "ಎಚ್ಚರವಾಗಿ ತೆರೆಯಿರಿ," ಎಂದರು. ಅವರ ಜಾಗದಲ್ಲಿದ್ದರೆ ನಾನಾದರೂ ಇನ್ನೇನು ಹೇಳುತ್ತಿದ್ದೆನೋ.

ಅದೇ ತಗಡುಗಳನ್ನು ಉಗ್ರಾಣದಿಂದ ತೆಗೆಸಿ ಮತ್ತೆ ಮೇಲಕ್ಕೆ ಸಾಗಿಸಿದೆವು. ತಂತಿ ಎಳೆದೆವು. ಕಲ್ಲುಗೋಡೆ ಹಾಗೆಯೇ ಇತ್ತು, ಒಳಗೆ ಯಾರೂ ಇದ್ದ ಗುರುತಿರಲಿಲ್ಲ. ಚೀಲಗಳಿಗೆ ಮಣ್ಣು ತುಂಬುವಾಗ, ನಾವು ಸುರಿದು ಹೋಗಿದ್ದ ಮಣ್ಣಿನ ಗುಡ್ಡೆಯೇ ಹತ್ತಿರದಲ್ಲಿ ಸಿಕ್ಕಿ ಕೆಲಸ ಬೇಗ ಮುಗಿಯಿತು.

ಮುಂದಿನ ರಜೆಯಲ್ಲಿ ನಾನು ಮಳವಳ್ಳಿಗೆ ಹೋಗಲಿಲ್ಲ. ನಾಳೆ ಹೋದರಾಯಿತು ಎನ್ನುತ್ತಾ ದಿನ ತಳ್ಳಿದೆ. ನನ್ನ ಹೆಂಡತಿ ಗೆಜ್ಜಲಗೆರೆಯ ಫ್ಯಾಕ್ಟರಿಗೆ ಹೋಗುತ್ತಾಳೆ. ಬೆಳಿಗ್ಗೆ ಅವಳನ್ನು ಬಸ್ಸಿಗೆ ಬಿಟ್ಟು ಬಂದು ನಾಲೆ ಏರಿಯ ಮೇಲೆ ಕೂರುತ್ತಿದ್ದೆ. ಗದ್ದೆಗೆ ನೀರು ಬಿಟ್ಟಿದ್ದರು. ಒಂದು ದಿನ ಹಾಗೆ ಕೂತಿದ್ದಾಗ ಏರಿಯ ಮೇಲೆ ಮಳವಳ್ಳಿಯವನೇ ನಡೆದು ಬಂದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

"ಊರ್ಗ್ ಬಂದು ಇಷ್ಟ್ ದಿನ ಆಯ್ತಂತೆ. ಮನೆ ಕಡೀಕೆ ಬರಕ್ಕೆ ಏನ್ಲಾ ಕಷ್ಟ ನಿಂಗೆ?"

"ಬರ್ಬೇಕು ಅಂತಿದ್ದೆ."

"ಬುಡು ಬುಡು." ಪಕ್ಕದಲ್ಲಿ ಕಾಲು ನೀಡಿ ಕೂತ. ಕೃತಕ ಕಾಲನ್ನು ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡ. "ಮತ್ತೆ ಹತ್ತಿದ್ರಾ?"

ಅವನಿಗೆ ಯಾರು ಹೇಳಿದರೋ ಕೇಳಲಿಲ್ಲ. "ಹೂಂ," ಎಂದೆ.

"ಅದೇ ದಾರೀಲಾ?"

"ಅದೇ."

"ಮುಂದೆ ನಡಿಯೋನು ಯಾರು?"

"ಸರದಿ ಮೇಲೆ. ಜಾಸ್ತಿ ನಾನೇಯ."

ನೀರಿನಲ್ಲಿ ಹುಲ್ಲಿನ ಕಂತೆಯೊಂದು ತೇಲಿ ಬಂದು ತೂಬಿಗೆ ಸಿಕ್ಕಿಕೊಂಡಿತು. ಅವನು ಅದನ್ನೇ ನೋಡುತ್ತಿದ್ದ. ಅವನು ಬೈಯಬಹುದು ಅಂದುಕೊಂಡಿದ್ದೆ, ನಗಬಹುದು ಎಂದೂ.

"ಕರಗೋ ಕಾಲಕ್ಕೆ ರಜ ಆಕ್ಕಂಡು ಬಂದ್ಬುಡು," ಎಂದ.

"ನಾನ್ ಬಂದ್ರೆ ಇನ್ನೊಬ್ಬ ನಡೀತಾನೆ."

"ಗೊತ್ತು ಕಣ್ಲಾ. ಗೊತ್ತಿದ್ದೇ ಹೇಳ್ತಾವ್ನಿ." ಮುಖ ಈ ಕಡೆ ತಿರುಗಿಸಲಿಲ್ಲ. "ಪಾಪ ಆದ್ರೆ ನಂಗಾಗ್ಲಿ. ನೀನು ಬಾ."

ಊಟ ಮಾಡಿ ಹೋಗು ಎಂದರೂ ಕೇಳಲಿಲ್ಲ. ಮನೆಯಲ್ಲಿ ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತು ಎಂದು ಹೊರಟ.

ನಾನು ರಜೆ ಹಾಕಲಿಲ್ಲ. ಹಾಕಬಾರದು ಎಂಬ ದೊಡ್ಡ ಯೋಚನೆಯೇನೂ ಇರಲಿಲ್ಲ. ಹಾಕುವ ದಿನ ಬಂತು, ಹೋಯಿತು. ಮಂಜು ಕರಗತೊಡಗಿತು. ದಿನಾ ಬೆಳಿಗ್ಗೆ ಯಂತ್ರ ಹಿಡಿದು ಮುಂದೆ ನಡೆದೆ. ಸರದಿ ಬೇರೆಯವನದಾದ ದಿನ ಸಲಾಕೆ ಹಿಡಿದು ಅವನ ಹಿಂದೆ ಹೋದೆ. ಜಾರಿ ಬಂದಿದ್ದ ಮೈನುಗಳು ಸಿಕ್ಕವು, ಗುರುತು ಹಾಕಿ ಅಲ್ಲಲ್ಲೇ ಸಿಡಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಹತ್ತುವಾಗ ಹೆದರಿಕೆ ಇರಲಿಲ್ಲ, ತಲುಪಿದಾಗ ನೆಮ್ಮದಿಯೂ ಇರಲಿಲ್ಲ.

ಕರಗುವ ಕಾಲ ಮುಗಿಯುತ್ತಾ ಬಂದ ಒಂದು ಬೆಳಿಗ್ಗೆ ಮೇಲೆ ತಲುಪಿ ಟೆಲಿಫೋನಿನ ಹಿಡಿ ತಿರುಗಿಸಿ, ದಾರಿ ತೆರೆದಿದೆ ಎಂದು ವರದಿ ಕೊಟ್ಟೆ. ಸ್ವಲ್ಪ ತಡೆಯಿರಿ ಎಂದರು. ಆಮೇಲೆ ಆ ಕಡೆಯಿಂದ ನನಗೆ ಪರಿಚಯವಿಲ್ಲದ ಒಂದು ದನಿ ಬಂತು. ಹಿಂದಿನ ದಿನವಷ್ಟೇ ಅಧಿಕಾರ ವಹಿಸಿಕೊಂಡ ಹೊಸ ಕಮಾಂಡರ್ ಸಾಹೇಬರು. ಒಂದೊಂದೇ ಪೋಸ್ಟಿನವರನ್ನು ತಾವೇ ಫೋನಿನಲ್ಲಿ ಮಾತಾಡಿಸುತ್ತಿದ್ದರು. ನನ್ನ ಹೆಸರು ಕೇಳಿದರು, ಊರು ಕೇಳಿದರು. ಮಂಡ್ಯ ಎಂದೆ.

"ಮೇಲೆ ಎಷ್ಟು ಜನ ಇದ್ದೀರಿ, ಅಲ್ಲಿ ಏತಕ್ಕೆ ಇದ್ದೀರಿ?" ಎಂದು ಕೇಳಿದರು.

ಎಷ್ಟು ಜನ ಎಂಬುದನ್ನು ಮಾತ್ರ ಹೇಳಿದೆ.